ಮನೆಯ ವಿಡಿಯೊ ಎಡಿಟಿಂಗ್: ಮೊದಲು ಕಿವಿ, ಆಮೇಲೆ ಕಣ್ಣು

ಮೊಬೈಲಿನಲ್ಲಿ ತೆಗೆದ ಮನೆಯ ವಿಡಿಯೊ ಎರಡೇ ನಿಮಿಷಕ್ಕೆ ಬೇಸರ ಹುಟ್ಟಿಸಿದರೆ ಹೆಚ್ಚಿನವರು ಕ್ಯಾಮೆರಾವನ್ನು ದೂರುತ್ತಾರೆ. ನನ್ನ ಅನುಭವದಲ್ಲಿ ತೊಂದರೆ ಬಹುತೇಕ ಶಬ್ದದಲ್ಲೇ ಇರುತ್ತದೆ. ಅರ್ಧಕ್ಕೆ ತುಂಡಾದ ಮಾತು, ಒಂದು ಕ್ಲಿಪ್ಪಿನಲ್ಲಿ ಭೋರೆನ್ನುವ ಗಾಳಿ, ಮುಂದಿನದರಲ್ಲಿ ಇದ್ದಕ್ಕಿದ್ದಂತೆ ನಿಶ್ಶಬ್ದ. ಚಿತ್ರ ಸ್ವಲ್ಪ ಅಲುಗಿದರೂ ಕಣ್ಣು ಹೊಂದಿಕೊಂಡುಬಿಡುತ್ತದೆ, ಕಿವಿ ಹಾಗಲ್ಲ. ಅದಕ್ಕೇ ನಾನು ಎಲ್ಲ ಎಡಿಟಿಂಗನ್ನೂ ಕೇಳುವುದರಿಂದ ಶುರು ಮಾಡುತ್ತೇನೆ. ಹೊಸಬರಿಗೂ ಇದೇ ಸುಲಭದ ದಾರಿ.

ನಾನು ಬಳಸುವುದು ಶಾಟ್‌ಕಟ್. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ವಿಡಿಯೊ ಮೇಲೆ ವಾಟರ್‌ಮಾರ್ಕ್ ಹಾಕುವುದಿಲ್ಲ. ಓಪನ್‌ಶಾಟ್, ಕೆಡೆನ್‌ಲೈವ್, ಐಮೂವಿ ಬಳಸುವವರಿಗೆ ಕೀಲಿಗಳು ಬೇರೆ, ಕೆಲಸ ಇದೇ.

ಉದಾಹರಣೆಗೆ ಒಂದು ವಿಡಿಯೊ ಇಟ್ಟುಕೊಳ್ಳೋಣ. ಅಪ್ಪ ಮಗಳಿಗೆ ಸೈಕಲ್ ಕಲಿಸುತ್ತಿದ್ದಾರೆ. 14 ಕ್ಲಿಪ್, ಒಟ್ಟು 23 ನಿಮಿಷ. ಅದನ್ನು 3 ನಿಮಿಷಕ್ಕೆ ಇಳಿಸಬೇಕು.

ಮೊದಲು ಫೈಲುಗಳು. ಮೊಬೈಲಿನಿಂದ ಕಂಪ್ಯೂಟರಿಗೆ ಕೇಬಲ್‌ನಲ್ಲೇ ತನ್ನಿ. ಮೆಸೇಜಿಂಗ್ ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊ ಆಗಿ ಕಳಿಸಿಕೊಂಡರೆ ಅದು ಕುಗ್ಗಿ ಬರುತ್ತದೆ, ಕಳೆದುಹೋದ ವಿವರ ಮತ್ತೆ ಸಿಗುವುದಿಲ್ಲ. 1080ಪಿ (1920×1080 ಚುಕ್ಕೆಗಳ ಚಿತ್ರ), ಸೆಕೆಂಡಿಗೆ 30 ಫ್ರೇಮಿನಲ್ಲಿ (ಫ್ರೇಮ್ ಎಂದರೆ ಒಂದು ಬಿಡಿ ಚಿತ್ರ) ತೆಗೆದ ವಿಡಿಯೊ ನಿಮಿಷಕ್ಕೆ ಸುಮಾರು 130 ಎಂಬಿ ಆಗಬಹುದು. ಹಾಗಾದರೆ 23 ನಿಮಿಷಕ್ಕೆ 3 ಜಿಬಿ. ಒಂದೇ ಫೋಲ್ಡರ್ ಮಾಡಿ, ಅದರೊಳಗೆ ವಿಡಿಯೊ, ಸಂಗೀತ, ಫೋಟೊ, ಪ್ರಾಜೆಕ್ಟ್ ಫೈಲ್ ಎಲ್ಲ ಹಾಕಿ, ಆಮೇಲೆಯೇ ಶಾಟ್‌ಕಟ್ ತೆರೆಯಿರಿ. ಈ ಕ್ರಮ ಮುಖ್ಯ. ಶಾಟ್‌ಕಟ್ ಉಳಿಸುವ ಎಂಎಲ್‌ಟಿ ಫೈಲಿನಲ್ಲಿ ನಿಮ್ಮ ವಿಡಿಯೊ ಇರುವುದಿಲ್ಲ. ಯಾವ ಕ್ಲಿಪ್ ಎಲ್ಲಿದೆ, ಎಲ್ಲಿಂದ ಎಲ್ಲಿಯವರೆಗೆ ಬೇಕು ಎಂಬ ಪಟ್ಟಿ ಮಾತ್ರ ಇರುತ್ತದೆ. ಅರ್ಧ ಎಡಿಟ್ ಆದಮೇಲೆ ಕ್ಲಿಪ್ಪುಗಳ ಹೆಸರು ಬದಲಿಸಿದರೆ ಅಥವಾ ಪೆನ್‌ಡ್ರೈವ್ ಕಿತ್ತರೆ, ಮುಂದಿನ ಸಲ ತೆರೆದಾಗ ಫೈಲ್ ಸಿಗುತ್ತಿಲ್ಲ ಎಂಬ ಎಚ್ಚರಿಕೆ ಬರುತ್ತದೆ.

ಎರಡನೆಯದು ವಿಡಿಯೊ ಮೋಡ್. ಅದು ಆಟೊಮ್ಯಾಟಿಕ್ ಆಗಿದ್ದರೆ ಮೊದಲು ಹಾಕಿದ ಕ್ಲಿಪ್ಪಿನ ಅಳತೆಯೇ ಇಡೀ ಪ್ರಾಜೆಕ್ಟಿನ ಅಳತೆ. ಆ ಮೊದಲ ಕ್ಲಿಪ್ ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದದ್ದಾಗಿದ್ದರೆ ಪ್ರಾಜೆಕ್ಟ್ ಪೂರ್ತಿ ಉದ್ದುದ್ದ ಆಗುತ್ತದೆ. ಕೈಯಾರೆ 1080ಪಿ ಆರಿಸಿ, ಫ್ರೇಮ್ ದರ ಕ್ಲಿಪ್ಪುಗಳದ್ದೇ ಇರಲಿ. 30ರಲ್ಲಿ ತೆಗೆದದ್ದನ್ನು 25ರ ಪ್ರಾಜೆಕ್ಟಿಗೆ ಹಾಕಿದರೆ ಪ್ರತಿ ಸೆಕೆಂಡಿಗೆ 5 ಫ್ರೇಮ್ ಬಿಟ್ಟುಹೋಗುತ್ತವೆ. ಸೈಕಲ್ ಅಡ್ಡ ಹಾಯುವಾಗ ಆ ಕುಲುಕು ಎದ್ದು ಕಾಣುತ್ತದೆ.

ಹೊಸಬರನ್ನು ಅತಿ ಹೆಚ್ಚು ಕಂಗೆಡಿಸುವ ದೋಷ ಮುಂದಿನದು: ತುಟಿಗೂ ಮಾತಿಗೂ ತಾಳೆಯಾಗದಿರುವುದು. ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ಮಾತು ಹಿಂದೆಯೋ ಮುಂದೆಯೋ ಸರಿಯುತ್ತದೆ. ಕಾರಣ ಮೊಬೈಲ್ ಕ್ಯಾಮೆರಾದ್ದು. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಅದು ಸೆಕೆಂಡಿಗೆ 30ರ ಬದಲು 24, 27 ಹೀಗೆ ಫ್ರೇಮುಗಳನ್ನು ಏರಿಳಿಸುತ್ತದೆ. ಶಬ್ದ ಮಾತ್ರ ಒಂದೇ ವೇಗದಲ್ಲಿ ದಾಖಲಾಗುತ್ತದೆ. ಎಡಿಟಿಂಗ್ ತಂತ್ರಾಂಶ ಫ್ರೇಮುಗಳನ್ನು ಸಮ ಅಂತರದಲ್ಲಿ ಎಣಿಸಲು ಹೋದಾಗ ಎರಡೂ ಬೇರೆಯಾಗುತ್ತವೆ. ಇಂಥ ಕ್ಲಿಪ್ ತೆರೆದಾಗ ಶಾಟ್‌ಕಟ್ ತಾನೇ ಗುರುತಿಸಿ, ಎಡಿಟಿಂಗಿಗೆ ಒಗ್ಗುವ ರೂಪಕ್ಕೆ ಬದಲಿಸಲೇ ಎಂದು ಕೇಳುತ್ತದೆ. ಆ ಕಿಟಕಿಯನ್ನು ಮುಚ್ಚಿಬಿಡಬೇಡಿ. ಗುಡ್, ಬೆಟರ್, ಬೆಸ್ಟ್ ಎಂದು ಮೂರು ಆಯ್ಕೆ ಇರುತ್ತವೆ. ಮನೆಯ ವಿಡಿಯೊಗೆ ಗುಡ್ ಸಾಕು, ಉಳಿದೆರಡು ಡಿಸ್ಕ್ ತಿನ್ನುತ್ತವೆ. ಕತ್ತರಿಸುವ ಮೊದಲೇ ಈ ಕೆಲಸ ಮುಗಿಸಿ. ಆಮೇಲೆ ಶಬ್ದವನ್ನು ಕೈಯಲ್ಲಿ ಎಳೆದು ಸರಿಪಡಿಸಲು ಕೂತರೆ ಒಂದು ಜಾಗದಲ್ಲಿ ಕೂಡುತ್ತದೆ, ಇನ್ನೊಂದು ಜಾಗದಲ್ಲಿ ಬಿಡುತ್ತದೆ.

ಕಂಪ್ಯೂಟರ್ ಹಳೆಯದಾಗಿ ವಿಡಿಯೊ ತಡವರಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಆನ್ ಮಾಡಿ. ಚಿಕ್ಕ ನಕಲಿನ ಮೇಲೆ ಎಡಿಟ್ ನಡೆಯುತ್ತದೆ, ಕೊನೆಗೆ ಎಕ್ಸ್‌ಪೋರ್ಟ್ ಆಗುವುದು, ಅಂದರೆ ಮುಗಿದ ವಿಡಿಯೊ ಫೈಲ್ ತಯಾರಾಗುವುದು, ಮೂಲದಿಂದಲೇ.

ಈಗ ಕೇಳುವ ಸುತ್ತು. ಹೆಡ್‌ಫೋನ್ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಗಾಳಿಯ ಗುಡುಗು ಕೇಳಿಸುವುದೇ ಇಲ್ಲ, ಆಮೇಲೆ ಟಿವಿಯಲ್ಲಿ ಹಾಕಿದಾಗ ಗೊತ್ತಾಗುತ್ತದೆ. ಒಂದೊಂದೇ ಕ್ಲಿಪ್ ತೆರೆದು ಪೂರ್ತಿ ಕೇಳಿ. ಎಲ್ ಕೀಲಿ ಮುಂದಕ್ಕೆ ಓಡಿಸುತ್ತದೆ, ಜೆ ಹಿಂದಕ್ಕೆ, ಕೆ ನಿಲ್ಲಿಸುತ್ತದೆ. ಬೇಕಾದ ಭಾಗ ಶುರುವಾಗುವಲ್ಲಿ ಐ, ಮುಗಿಯುವಲ್ಲಿ ಓ ಒತ್ತಿ. ಆಮೇಲೆ ಎ ಒತ್ತಿದರೆ ಆ ತುಂಡು ಟೈಮ್‌ಲೈನಿನ (ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯ) ಕೊನೆಗೆ ಸೇರುತ್ತದೆ. ಈ ಸುತ್ತಿನಲ್ಲಿ ಜಿಪುಣತನ ಬೇಡ, ಎರಡೂ ತುದಿಗೆ ಒಂದೊಂದು ಸೆಕೆಂಡ್ ಹೆಚ್ಚಿಗೆ ಬಿಡಿ. 23 ನಿಮಿಷ 8 ನಿಮಿಷವಾದರೆ ಸಾಕು. ಇಲ್ಲಿ ಬಿಡಬೇಕಾದದ್ದು ಕೆಟ್ಟ ಚಿತ್ರವನ್ನಲ್ಲ, ಏನೂ ನಡೆಯದ ಹೊತ್ತನ್ನು. ಮಗು ಬಿದ್ದೆದ್ದು ನಕ್ಕ ಕ್ಲಿಪ್ ಅಲುಗಾಡಿದ್ದರೂ ಇರಲಿ.

8ನ್ನು 3 ಮಾಡುವಾಗ ಕತ್ತರಿ ಎಲ್ಲಿ ಬೀಳಬೇಕು ಎಂಬುದೇ ನಿಜವಾದ ಕಸುಬು. ಎಸ್ ಒತ್ತಿದರೆ ಪ್ಲೇಹೆಡ್ (ಈಗ ನೋಡುತ್ತಿರುವ ಜಾಗ ತೋರಿಸುವ ಗೆರೆ) ಇರುವಲ್ಲಿ ತುಂಡಾಗುತ್ತದೆ. ಬೇಡದ ತುಂಡನ್ನು ಆರಿಸಿ ಎಕ್ಸ್ ಒತ್ತಿದರೆ ತುಂಡು ಹೋಗಿ ಅದರ ನಂತರದ್ದು ಎಡಕ್ಕೆ ಸರಿದು ಕೂಡಿಕೊಳ್ಳುತ್ತದೆ. ಜೆಡ್ ಒತ್ತಿದರೆ ತುಂಡು ಹೋಗಿ ಖಾಲಿ ಜಾಗ ಉಳಿಯುತ್ತದೆ. ಈ ಎರಡರ ವ್ಯತ್ಯಾಸ ಬೆರಳಿಗೆ ಹತ್ತಿದರೆ ಅರ್ಧ ಎಡಿಟಿಂಗ್ ಬಂದ ಹಾಗೆ.

ಮಾತನ್ನು ಕತ್ತರಿಸುವಾಗ ಟೈಮ್‌ಲೈನನ್ನು ಹಿಗ್ಗಿಸಿ ಶಬ್ದದ ಅಲೆ ನೋಡಿ. 30 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 33 ಮಿಲಿಸೆಕೆಂಡ್. ಬಾಣದ ಕೀಲಿಯಿಂದ ಒಂದೊಂದೇ ಫ್ರೇಮ್ ಸರಿಯಬಹುದು. ಮಾತು ಶುರುವಾಗುವ ಕಡೆ 2–3 ಫ್ರೇಮ್ ಮುಂಚೆ ಕತ್ತರಿಸಿ. ಕ, ಟ, ಪ ದಿಂದ ಶುರುವಾಗುವ ಪದಗಳು ಸಲೀಸು: ಬಾಯಿ ಗಾಳಿಯನ್ನು ಕಟ್ಟಿಹಿಡಿದು ಬಿಡುವ ಮೊದಲು ಒಂದು ಕ್ಷಣ ಮೌನ ಇರುತ್ತದೆ, ಕತ್ತರಿ ಅಲ್ಲೇ ಬೀಳಬೇಕು. ಮುಗಿಯುವ ಕಡೆ ಹೆಚ್ಚು ಎಚ್ಚರ ಬೇಕು. ಕನ್ನಡದ ಮಾತು ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುತ್ತದೆ: "ಬಾ", "ನೋಡು", "ಬಂತಾ". ಆ ಸ್ವರ ಅಲೆಯಲ್ಲಿ ಸಣ್ಣಗಾಗುತ್ತ ಬಾಲದಂತೆ ಎಳೆದುಕೊಂಡಿರುತ್ತದೆ. ಅಲೆ ದಪ್ಪಗಿರುವಲ್ಲೇ ಕತ್ತರಿಸಿದರೆ ಮಾತಾಡಿದವರ ಬಾಯಿ ಮುಚ್ಚಿದ ಹಾಗೆ ಕೇಳುತ್ತದೆ. ಬಾಲದ ನಂತರವೂ 4–6 ಫ್ರೇಮ್ ಬಿಡಿ. ಉಸಿರೆಳೆದ ಸದ್ದಿದ್ದರೆ ಪೂರ್ತಿ ಇಟ್ಟುಕೊಳ್ಳಿ ಇಲ್ಲವೇ ಪೂರ್ತಿ ತೆಗೆಯಿರಿ. ಅರ್ಧ ಉಸಿರು ಬಿಕ್ಕಳಿಕೆಯಂತೆ ಕೇಳುತ್ತದೆ.

ತುಂಡು ಕೂಡಿಸಿದ ಜಾಗದಲ್ಲಿ "ಟಕ್" ಎಂದರೆ ಅಲೆ ನಡುಮಧ್ಯೆ ಕಡಿದಿದೆ ಎಂದರ್ಥ. ಕ್ಲಿಪ್ಪಿನ ಮೂಲೆಯಲ್ಲಿ ಕಾಣುವ ಚಿಕ್ಕ ವೃತ್ತವನ್ನು ಎರಡು ಫ್ರೇಮಿನಷ್ಟು ಎಳೆದು ಫೇಡ್ (ಸದ್ದು ಮೆಲ್ಲಗೆ ಏರುವುದು, ಇಳಿಯುವುದು) ಕೊಟ್ಟರೆ ಹೋಗುತ್ತದೆ. ಆಡಿಯೊ ಟ್ರ್ಯಾಕಿನ (ಟೈಮ್‌ಲೈನಿನಲ್ಲಿ ಶಬ್ದಕ್ಕಿರುವ ಸಾಲಿನ) ಮೇಲೆ ಮಾತ್ರ ಇದನ್ನು ಮಾಡಿ. ವಿಡಿಯೊ ಟ್ರ್ಯಾಕಿನ ಕ್ಲಿಪ್ಪಿನಲ್ಲಿ ಆ ವೃತ್ತ ಎಳೆದರೆ ಚಿತ್ರವೂ ಕ್ಷಣಕಾಲ ಕಪ್ಪಾಗಿ ಮಿಣುಕುತ್ತದೆ. ಅಲ್ಲಿ ಆಡಿಯೊ ಫೇಡ್ ಫಿಲ್ಟರ್ ಹಾಕಿ.

ಒಂದು ಕಟ್ ಅನ್ನು, ಅಂದರೆ ಎರಡು ಕ್ಲಿಪ್ ಕೂಡುವ ಜಾಗವನ್ನು, ಹತ್ತಿರದಿಂದ ನೋಡೋಣ. ಕ್ಲಿಪ್ 9: ಅಪ್ಪ ಸೀಟು ಹಿಡಿದು ಓಡುತ್ತಿದ್ದಾರೆ. "ಬಿಡ್ತಾ ಇದೀನಿ ಪುಟ್ಟಿ, ಮುಂದೆ ನೋಡು." ಮಗಳು: "ಬಿಡ್ಬೇಡ ಅಪ್ಪಾ!" ಕ್ಲಿಪ್ 10: ಅದೇ ಓಟ, ಎದುರಿನಿಂದ, ಮಗಳು ಒಬ್ಬಳೇ ಬರುತ್ತಾ ಕಿಲಕಿಲ ನಗುತ್ತಾಳೆ. ಚಿತ್ರ, ಶಬ್ದ ಎರಡನ್ನೂ ಒಂದೇ ಜಾಗದಲ್ಲಿ ಕತ್ತರಿಸಿ ಜೋಡಿಸಿದರೆ ಎರಡು ಬೇರೆ ಕ್ಲಿಪ್ ಎಂದು ತಟ್ಟನೆ ಗೊತ್ತಾಗುತ್ತದೆ. ಅದರ ಬದಲು ಕ್ಲಿಪ್ 10ರ ಮೇಲೆ ಬಲ ಕ್ಲಿಕ್ ಮಾಡಿ ಡಿಟ್ಯಾಚ್ ಆಡಿಯೊ ಆರಿಸುತ್ತೇನೆ. ಶಬ್ದ ಕೆಳಗಿನ ಆಡಿಯೊ ಟ್ರ್ಯಾಕಿಗೆ ಇಳಿಯುತ್ತದೆ. ಆ ಶಬ್ದದ ಎಡ ತುದಿಯನ್ನು 15 ಫ್ರೇಮ್, ಅಂದರೆ ಅರ್ಧ ಸೆಕೆಂಡ್, ಹಿಂದಕ್ಕೆ ಹಿಗ್ಗಿಸುತ್ತೇನೆ. ಮೊದಲು ಬಿಟ್ಟ ಆ ಹೆಚ್ಚುವರಿ ಒಂದು ಸೆಕೆಂಡ್ ಈಗ ಕೆಲಸಕ್ಕೆ ಬಂತು. ಚಿತ್ರದಲ್ಲಿ ಇನ್ನೂ ಅಪ್ಪನ ಕೈ ಸೀಟು ಬಿಡುತ್ತಿದೆ, ಆಗಲೇ ನಗು ಕೇಳಿಸುತ್ತದೆ, ಆಮೇಲೆ ಮುಖ ಕಾಣುತ್ತದೆ. ನೋಡುವವರಿಗೆ ಕಟ್ ಗೊತ್ತೇ ಆಗುವುದಿಲ್ಲ. ಈ ಒಂದು ಉಪಾಯಕ್ಕೆ ಸಮನಾದ ಟ್ರಾನ್ಸಿಷನ್ (ಕ್ಲಿಪ್ಪಿನಿಂದ ಕ್ಲಿಪ್ಪಿಗೆ ದಾಟಿಸುವ ಪರಿಣಾಮ) ಯಾವ ಪಟ್ಟಿಯಲ್ಲೂ ಇಲ್ಲ.

ಇದರಲ್ಲಿ ಒಂದು ಅಪಾಯವೂ ಇದೆ. ಬೇರ್ಪಟ್ಟ ಶಬ್ದ ಚಿತ್ರಕ್ಕೆ ಅಂಟಿಕೊಂಡಿರುವುದಿಲ್ಲ. ಆಮೇಲೆ ಹಿಂದಿನ ಯಾವುದೋ ಕ್ಲಿಪ್ ಅಳಿಸಿದರೆ ಚಿತ್ರ ಸರಿಯುತ್ತದೆ, ಶಬ್ದ ಇದ್ದಲ್ಲೇ ಉಳಿಯುತ್ತದೆ. ಟೈಮ್‌ಲೈನಿನ ಮೇಲಿರುವ, ಎಲ್ಲ ಟ್ರ್ಯಾಕನ್ನೂ ಒಟ್ಟಿಗೆ ಸರಿಸುವ ರಿಪಲ್ ಬಟನ್ ಒತ್ತಿಟ್ಟುಕೊಳ್ಳಿ. ಇನ್ನೂ ಒಳ್ಳೆಯದು, ಕಟ್ ಎಲ್ಲ ಮುಗಿದಮೇಲೇ ಶಬ್ದ ಬೇರ್ಪಡಿಸುವುದು.

ಕಟ್ ಮುಗಿದಾಗ ಕ್ಲಿಪ್ಪುಗಳ ನಡುವೆ ಹಿನ್ನೆಲೆ ಸದ್ದು ಏರಿಳಿಯುವುದು ಕೇಳಿಸುತ್ತದೆ. ಅದಕ್ಕೆ ಮದ್ದು ಶೂಟಿಂಗ್ ದಿನವೇ ಇದೆ: ಯಾರೂ ಮಾತಾಡದೆ 30 ಸೆಕೆಂಡ್ ಆ ಜಾಗದ ಸದ್ದನ್ನು ಮಾತ್ರ ರೆಕಾರ್ಡ್ ಮಾಡಿ. ಅದನ್ನು ಬೇರೆ ಆಡಿಯೊ ಟ್ರ್ಯಾಕಿನಲ್ಲಿ ಉದ್ದಕ್ಕೂ ಮೆಲ್ಲಗೆ ಹಾಸಿದರೆ ಹೊಲಿಗೆ ಕಾಣುವುದಿಲ್ಲ. ರೆಕಾರ್ಡ್ ಮಾಡಿಲ್ಲವಾದರೆ ಮಾತುಗಳ ನಡುವಿನ ಬಿಡುವುಗಳಿಂದ ಆರಿಸಿ ಜೋಡಿಸಿ. ಒಂದೇ ಚಿಕ್ಕ ತುಂಡನ್ನು ಮತ್ತೆ ಮತ್ತೆ ಹಾಕಿದರೆ ಆ ಲಯ ಕಿವಿಗೆ ಸಿಕ್ಕಿಬೀಳುತ್ತದೆ.

ಶಬ್ದದ ಮಟ್ಟ ನೋಡಲು ಪೀಕ್ ಮೀಟರ್ ತೆರೆದಿಟ್ಟುಕೊಳ್ಳಿ. ಮಾತಿನ ಶಿಖರಗಳು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಆಡಲಿ, ಗರಿಷ್ಠ ಮಿತಿಯಾದ ಸೊನ್ನೆಯನ್ನು ಎಂದೂ ಮುಟ್ಟದಿರಲಿ. ರೆಕಾರ್ಡಿಂಗಿನಲ್ಲೇ ಸೊನ್ನೆ ಮುಟ್ಟಿ ಒಡೆದ ಶಬ್ದವನ್ನು ತಗ್ಗಿಸಿದರೆ ಒಡಕು ಮೆಲ್ಲಗೆ ಕೇಳುತ್ತದೆ, ಅಷ್ಟೆ, ಹೋಗುವುದಿಲ್ಲ. ಗಾಳಿಯ ಗುಡುಗಿಗೆ, ತಗ್ಗಿನ ಸದ್ದನ್ನು ತಡೆಯುವ ಹೈ ಪಾಸ್ ಫಿಲ್ಟರನ್ನು 100 ಹರ್ಟ್ಸ್ ಆಸುಪಾಸು ಇಟ್ಟು ನೋಡಿ. 200 ದಾಟಿದರೆ ಗಂಡಸರ ದನಿ ತೆಳ್ಳಗಾಗುತ್ತದೆ. ಸಂಗೀತ ಹಾಕುವುದಾದರೆ ಮಾತಿರುವಲ್ಲಿ ಮಾತಿಗಿಂತ 18–20 ಡೆಸಿಬಲ್ ಕೆಳಗಿರಲಿ. ಬಹಳ ಕಡಿಮೆ ಅನಿಸುತ್ತದೆ. ಎಡಿಟ್ ಮಾಡಿದವರಿಗೆ ಮಾತು ಬಾಯಿಪಾಠ, ಕೇಳುವವರಿಗೆ ಅಲ್ಲ. ಇಂಟರ್ನೆಟ್ಟಿಗೆ ಹಾಕುವ ಯೋಚನೆ ಇದ್ದರೆ ಬಳಸಲು ಪರವಾನಗಿ ಇರುವ ಸಂಗೀತವನ್ನೇ ಆರಿಸಿ.

ಚಿತ್ರದ ಕೆಲಸ ಇದಾದಮೇಲೆ ಬೇಗ ಮುಗಿಯುತ್ತದೆ. ಒಂದೇ ಕ್ಲಿಪ್ಪಿನ ನಡುವಿನ ತುಂಡು ತೆಗೆದಾಗ ಮನುಷ್ಯ ಹಾರಿ ಕೂತಂತೆ ಕಾಣುವ ಜಾಗದಲ್ಲಿ ಎರಡನೇ ವಿಡಿಯೊ ಟ್ರ್ಯಾಕಿನಲ್ಲಿ ಚಕ್ರದ್ದೋ ಪೆಡಲಿನ ಮೇಲಿನ ಪಾದದ್ದೋ 2 ಸೆಕೆಂಡಿನ ಚಿತ್ರ ಹೊದಿಸಿ. ಅದಕ್ಕಾಗಿ ಶೂಟಿಂಗಿನಲ್ಲಿ ಇಂಥ ನಾಲ್ಕೈದು ತುಣುಕು ತೆಗೆದಿಟ್ಟಿರಬೇಕು. ನೆಟ್ಟಗೆ ತೆಗೆದ ಕ್ಲಿಪ್ಪಿನ ಅಕ್ಕಪಕ್ಕದ ಕಪ್ಪು ತುಂಬಲು ಬ್ಲರ್ ಪ್ಯಾಡ್ ಫಿಲ್ಟರ್ ಇದೆ. ಅಲುಗಾಟ ತಗ್ಗಿಸುವ ಸ್ಟೆಬಿಲೈಸ್ ಫಿಲ್ಟರ್ ಹಾಕಿ ಅನಲೈಸ್ ಒತ್ತದಿದ್ದರೆ ಏನೂ ಆಗುವುದಿಲ್ಲ. ಒತ್ತಿದಮೇಲೂ ಅಂಚು ಸ್ವಲ್ಪ ಹೋಗುತ್ತದೆ. ಬಣ್ಣ ಸಪ್ಪೆಯಾಗಿ, ಬೂದಿ ಬಳಿದಂತೆ ಕಂಡರೆ ಫೋನಿನಲ್ಲಿ ಎಚ್‌ಡಿಆರ್ (ಬೆಳಕು, ನೆರಳಿನ ಹೆಚ್ಚಿನ ವ್ಯಾಪ್ತಿ ಹಿಡಿಯುವ ಆಯ್ಕೆ) ಆನ್ ಇತ್ತೇ ನೋಡಿ, ಮುಂದಿನ ಸಲ ಆಫ್ ಮಾಡಿ ತೆಗೆಯಿರಿ.

ಶೀರ್ಷಿಕೆಯನ್ನು ಕನ್ನಡದಲ್ಲಿ ಹಾಕುವಾಗ ಯುನಿಕೋಡ್‌ನಲ್ಲೇ ಟೈಪ್ ಮಾಡಿ, ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಆರಿಸಿ. ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚಿಸಿದ್ದನ್ನು ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಸಾಲು ಒತ್ತಾಗಿದ್ದರೆ ಒತ್ತಕ್ಷರದ ಬುಡ ಕೆಳಗಿನ ಸಾಲಿನ ತಲೆಗೆ ತಗಲುತ್ತದೆ, ಅದನ್ನೂ ನೋಡಿಕೊಳ್ಳಿ. ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಪರದೆಯ ಮೇಲಿರಲಿ.

ಎಕ್ಸ್‌ಪೋರ್ಟಿಗೆ ಡಿಫಾಲ್ಟ್ ಪ್ರಿಸೆಟ್ಟೇ ಸಾಕು: ಎಚ್.264 ಚಿತ್ರ, ಎಎಸಿ ಶಬ್ದ, ಎಂಪಿ4 ಫೈಲ್. ಕ್ವಾಲಿಟಿ 55 ಶೇಕಡಾ ಇರುತ್ತದೆ. ಎಲೆ, ನೀರು, ಓಟ ಹೆಚ್ಚಿದ್ದರೆ ನಾನು 60ಕ್ಕೆ ಏರಿಸುತ್ತೇನೆ. 90 ಇಟ್ಟರೆ ಫೈಲ್ ದಪ್ಪಗಾಗುತ್ತದೆ, ಕಣ್ಣಿಗೆ ಲಾಭವಿಲ್ಲ, ಯಾಕೆಂದರೆ ಮೂಲದಲ್ಲಿ ಇಲ್ಲದ ವಿವರ ಎಲ್ಲಿಂದಲೂ ಬರುವುದಿಲ್ಲ. ಸೆಕೆಂಡಿಗೆ 8 ಮೆಗಾಬಿಟ್ ಲೆಕ್ಕದಲ್ಲಿ ನಿಮಿಷಕ್ಕೆ 60 ಎಂಬಿ, 3 ನಿಮಿಷಕ್ಕೆ 180 ಎಂಬಿ. ಪೆನ್‌ಡ್ರೈವಿಗೆ ಹಾಕುವ ಉದ್ದದ ವಿಡಿಯೊ ಆದರೆ ನೆನಪಿಡಿ, ಎಫ್‌ಎಟಿ32 ಎಂದು ಫಾರ್ಮ್ಯಾಟ್ ಆದ ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲನ್ನು ಹಿಡಿಯುವುದಿಲ್ಲ.

ಎಕ್ಸ್‌ಪೋರ್ಟ್ ಆದ ಫೈಲನ್ನು ಒಮ್ಮೆ ಕಣ್ಣು ಮುಚ್ಚಿ ಪೂರ್ತಿ ಕೇಳಿ, ಇನ್ನೊಮ್ಮೆ ಶಬ್ದ ನಿಲ್ಲಿಸಿ ಪೂರ್ತಿ ನೋಡಿ. ಎರಡನೇ ಸುತ್ತಿನಲ್ಲಿ ಹುಡುಕಬೇಕಾದದ್ದು ಕಪ್ಪು ಮಿಣುಕು: ಎರಡು ಕ್ಲಿಪ್ಪಿನ ನಡುವೆ ಒಂದೇ ಫ್ರೇಮ್ ಖಾಲಿ ಉಳಿದರೂ ಪರದೆ ರೆಪ್ಪೆ ಬಡಿದಂತಾಗುತ್ತದೆ. ಆ ಜಾಗವನ್ನು ಟೈಮ್‌ಲೈನಿನಲ್ಲಿ ಹಿಗ್ಗಿಸಿ, ಖಾಲಿ ಆರಿಸಿ, ಎಕ್ಸ್ ಒತ್ತಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಆಮೇಲೆ ಪ್ರಾಕ್ಸಿ ಫೈಲುಗಳನ್ನು ಅಳಿಸಬಹುದು. ಮೂಲ ಕ್ಲಿಪ್ಪು, ಅವುಗಳ ಬದಲಿಸಿದ ರೂಪ, ಎಂಎಲ್‌ಟಿ ಫೈಲು ಮೂರನ್ನೂ ಅದೇ ಫೋಲ್ಡರಿನಲ್ಲಿ ಇಟ್ಟು ಇನ್ನೊಂದು ಡಿಸ್ಕಿಗೆ ಒಂದು ಪ್ರತಿ ಮಾಡಿ.