ಊರಿಗೊಂದು ರಾಗಿ ಬ್ಯಾಂಕ್: ಶುರು ಮಾಡುವುದು ಹೇಗೆ?

ಹಸಿವಿಗೂ ಒಂದು ಕಾಲ ಇದೆ. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಕಡೆ ಡಿಸೆಂಬರ್, ಜನವರಿಯಲ್ಲಿ ಕಣದ ಕೆಲಸ ಇರುತ್ತದೆ, ಕೂಲಿ ಸಿಗುತ್ತದೆ, ಕಾಳೂ ಇರುತ್ತದೆ. ಕಷ್ಟ ಶುರುವಾಗುವುದು ಮುಂಗಾರು ಬಿತ್ತನೆ ಹೊತ್ತಿಗೆ. ಇದ್ದ ದುಡ್ಡು ಬೀಜ, ಗೊಬ್ಬರಕ್ಕೆ ಹೋಗಿರುತ್ತದೆ, ಹೊಸ ರಾಗಿ ಕೈಗೆ ಬರಲು ಇನ್ನೂ ನಾಲ್ಕೈದು ತಿಂಗಳು. ಪಡಿತರ ಅಕ್ಕಿ ಇದೆಯಲ್ಲ ಅಂತೀರಾ? ಇದೆ, ಅದು ದೊಡ್ಡ ಆಸರೆಯೇ. ಆದರೆ ಮುದ್ದೆ ಉಣ್ಣುವ ಮನೆಯಲ್ಲಿ ಹಿಟ್ಟಿನ ಡಬ್ಬಿ ತಳ ಕಂಡರೆ ಸಾಲಕ್ಕೆ ಹೋಗಬೇಕು. ಸವಾಯಿ ಲೆಕ್ಕದಲ್ಲಿ 20 ಕೆಜಿ ತಂದವರು 25 ಕೆಜಿ ತಿರುಗಿಸಬೇಕು. ಈ ಸಾಲ ತಪ್ಪಿಸಲು ಊರವರೇ ರಾಗಿ ಬ್ಯಾಂಕ್ ಮಾಡಿಕೊಳ್ಳಬಹುದು: ಸುಗ್ಗಿಯಲ್ಲಿ ಎಲ್ಲರೂ ಒಂದಿಷ್ಟು ರಾಗಿ ಕೂಡಿಸಿಡುವುದು, ಕಷ್ಟದ ತಿಂಗಳಲ್ಲಿ ಬೇಕಾದವರಿಗೆ ಸಾಲ ಕೊಡುವುದು.

ಮೊದಲು ಜನ. ಇದಕ್ಕೆ ಅಂತ ಹೊಸ ಸಂಘ ಕಟ್ಟಬೇಡಿ. ಊರಲ್ಲಿ ಸ್ತ್ರೀಶಕ್ತಿ ಸಂಘವೋ ಸಂಜೀವಿನಿ ಸಂಘವೋ ಇರುತ್ತದೆ, ಉಳಿತಾಯ ಕಟ್ಟುವುದು, ಪುಸ್ತಕ ಬರೆಯುವುದು ಅವರಿಗೆ ರೂಢಿ. 30 ಮನೆಯವರು ಸುಗ್ಗಿಯಲ್ಲಿ ಮನೆಗೆ 10 ಕೆಜಿಯಂತೆ ಕೊಟ್ಟರೆ 3 ಕ್ವಿಂಟಲ್ ಆಯಿತು. ಅಷ್ಟರಲ್ಲಿ ಹೆಚ್ಚೆಂದರೆ 15 ಮನೆಗೆ 20 ಕೆಜಿಯಂತೆ ಸಾಲ ಕೊಡಬಹುದು. ಹೊಲ ಇಲ್ಲದವರು ರಾಗಿ ಎಲ್ಲಿಂದ ತರಬೇಕು? ಅವರನ್ನು ಕೇಳಬೇಡಿ, ಹೆಸರು ಮಾತ್ರ ಸೇರಿಸಿಕೊಳ್ಳಿ.

ಜಾಗದ ವಿಷಯದಲ್ಲಿ ಹುಷಾರು. ಗೌಡರ ಮನೆಯ ಕೋಣೆ ಖಾಲಿ ಇದೆ, ದೇವಸ್ಥಾನದ ಪಕ್ಕ ಉಗ್ರಾಣ ಇದೆ ಅನ್ನುವವರು ಬಂದೇ ಬರುತ್ತಾರೆ. ಬೇಡ. ಯಾವ ಕೇರಿಯವರೇ ಆಗಲಿ ಯಾರನ್ನೂ ಕೇಳದೆ ಒಳಗೆ ಬರುವಂಥ ಜಾಗ ಬೇಕು, ಪಂಚಾಯ್ತಿಯ ಕೊಠಡಿ ಸಿಕ್ಕರೆ ಒಳ್ಳೆಯದು. ಬಾಗಿಲಿಗೆ ಎರಡು ಬೀಗ ಹಾಕಿ, ಬೀಗದ ಕೈ ಬೇರೆ ಬೇರೆ ಕೇರಿಯ ಇಬ್ಬರು ಹೆಂಗಸರ ಹತ್ತಿರ ಇರಲಿ.

ಈಗ ಕಾಳಿಗೆ ಬನ್ನಿ. ಟಾರ್ ರಸ್ತೆ ಮೇಲೆ ತುಳಿಸಿದ ರಾಗಿಯಲ್ಲಿ ಜಲ್ಲಿ ಚೂರು ಸೇರಿರುತ್ತದೆ, ಅದಕ್ಕೇ ಕೊಟ್ಟವರ ಎದುರಲ್ಲೇ ಜರಡಿ ಹಿಡಿದು ಆಮೇಲೆ ತೂಕ ಹಾಕಿ. ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ ಚೆನ್ನಾಗಿ ಬಿಸಿಲು ಕಾಯಿಸಿ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಚ್ಚಿ ನೋಡಿ: ಕಟಕ್ ಅಂದರೆ ಒಣಗಿದೆ, ಮೆತ್ತಗೆ ನುರಿದರೆ ಇನ್ನೊಂದು ಬಿಸಿಲು ಬೇಕು. ಬಿಸಿ ಆರಿದ ಮೇಲೆಯೇ ಚೀಲ ತುಂಬಿ, ಇಲ್ಲದಿದ್ದರೆ ಒಳಗೆ ಬೆವರು ಕಟ್ಟುತ್ತದೆ. ಚೀಲ ನೆಲಕ್ಕೂ ಗೋಡೆಗೂ ತಾಗಬಾರದು, ಅಡಿಗೆ ಹಲಗೆ ಇಡಿ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಒಣಗಿದ ಬೇವಿನ ಸೊಪ್ಪೋ ಲಕ್ಕಿ ಸೊಪ್ಪೋ ಮಧ್ಯೆ ಹಾಕಿ. ನಮ್ಮ ಹಿರಿಯರು ಹಗೇವಿನಲ್ಲಿ (ಕಾಳು ಇಡುವ ನೆಲದೊಳಗಿನ ಗುಂಡಿಯಲ್ಲಿ) ವರ್ಷಗಟ್ಟಲೆ ಇಡುತ್ತಿದ್ದದ್ದೂ ರಾಗಿಯನ್ನೇ ಅಲ್ವಾ? ಅಕ್ಕಿಯಷ್ಟು ಬೇಗ ಇದಕ್ಕೆ ಹುಳ ಬೀಳುವುದಿಲ್ಲ.

ಸಾಲದ ನಿಯಮ ಸರಳವಾಗಿರಲಿ. 20 ಕೆಜಿ ಒಯ್ದವರು ಸುಗ್ಗಿಗೆ 22 ಕೆಜಿ ಕೊಡಲಿ, ಆ ಎರಡು ಕೆಜಿ ಇಲಿ ತಿಂದದ್ದಕ್ಕೆ, ಸೋರಿದ್ದಕ್ಕೆ. ಸಾಲದ ಪುಸ್ತಕವನ್ನು ಸಭೆಯಲ್ಲಿ ಜೋರಾಗಿ ಓದಬೇಡಿ, ಒಯ್ದವರಿಗೆ ನಾಚಿಕೆಯಾಗುತ್ತದೆ. ನಿಜವಾಗಿ ಹಸಿದವರು ಬಂದು ಕೇಳುವುದು ಕಡಿಮೆ. ಮಕ್ಕಳು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಒಬ್ಬರೇ ಉಳಿದ ಅಜ್ಜಿಯ ಮನೆಗೆ ಸಂಘದವರೇ ಹೋಗಿ ವಿಚಾರಿಸಬೇಕು.

ಎಲ್ಲ ಕಾಳನ್ನೂ ಒಂದೇ ವರ್ಷ ಹಂಚಿ ಮುಗಿಸಬೇಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು. ಅಂಥ ವರ್ಷ ಸಾಲ ತೀರಿಸಲು ಯಾರ ಹತ್ತಿರವೂ ಕಾಳು ಇರುವುದಿಲ್ಲ. ವಸೂಲಿ ಮುಂದಿನ ಸುಗ್ಗಿಗೆ ಹೋಗಲಿ, ಬಡ್ಡಿ ಬೆಳೆಸಬೇಡಿ.

ಬ್ಯಾಂಕ್ ಇದೆ ಅಂತ ಪಡಿತರ ಬಿಟ್ಟುಕೊಡಬೇಡಿ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ ಧಾನ್ಯ ಹಕ್ಕಿನಿಂದಲೇ ಬರಬೇಕು. ಬೆರಳಚ್ಚು ಬೀಳಲಿಲ್ಲ ಅಂತ ಅಜ್ಜಿಯನ್ನು ವಾಪಸ್ ಕಳಿಸಿದರೆ ಸುಮ್ನೆ ಬರಬೇಡಿ, ಅಂಗಡಿ ಮುಂದೆಯೇ ನಿಂತು ಆಹಾರ ಇಲಾಖೆಯ ಸಹಾಯವಾಣಿ 1967ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಕೇಳಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ.