ಹಳೇ ಮನೆ, ಸುಣ್ಣದ ಗಾರೆ, ಪಕ್ಕದಲ್ಲಿ ಸೆಲ್ಲಾರ್: ಬೆಂಗಳೂರಿನ ದುರಸ್ತಿ ಕೆಲಸದ ನನ್ನ ಅನುಭವ

ಹಳೇ ಮನೆಗೆ ಕೈ ಹಾಕುವ ಮೊದಲು ತಿಳಿಯಬೇಕಾದ್ದು ಇಷ್ಟೇ: ಆ ಗೋಡೆಯ ಇಟ್ಟಿಗೆಗಳನ್ನು ಹಿಡಿದಿಟ್ಟಿರುವುದು ಏನು? ಇಟ್ಟಿಗೆ ಸಂದಿನಿಂದ ಗೋಲಿ ಗಾತ್ರದ ಚೂರು ಕೆರೆದು ತೆಗೆದು ಒಂದು ಲೋಟ ನೀರಿಗೆ ಹಾಕಿ. ಕೆಲವೇ ನಿಮಿಷದಲ್ಲಿ ಕರಗಿ ಕೆಸರಾದರೆ ಮಣ್ಣಿನ ಗಾರೆ. ಕರಗದೆ ಉಳಿದು, ಉಗುರಿನಲ್ಲಿ ಗೀಚಿದರೆ ಬಿಳಿ ಪುಡಿ ಬಂದರೆ ಸುಣ್ಣ. ಬೂದು ಬಣ್ಣವಿದ್ದು ಉಗುರಿಗೆ ಜಗ್ಗದಿದ್ದರೆ ಸಿಮೆಂಟ್, ಅಂದರೆ ಯಾರೋ ಆಮೇಲೆ ಮಾಡಿದ ರಿಪೇರಿ. ಮನೆಯ ಮೂರ್ನಾಲ್ಕು ಕಡೆ, ನೆಲಮಟ್ಟದಲ್ಲೂ ಸೂರಿನ ಹತ್ತಿರವೂ ಈ ಪರೀಕ್ಷೆ ಮಾಡಬೇಕು. ಒಂದೇ ಮನೆಯಲ್ಲಿ ಮೂರೂ ಸಿಗುತ್ತವೆ.

1898ರ ಪ್ಲೇಗ್ ನಂತರ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಎದ್ದ ಮನೆಗಳಲ್ಲಿ ನಾನು ಹೆಚ್ಚಾಗಿ ನೋಡುವುದು 14 ಅಥವಾ 18 ಇಂಚಿನ ಇಟ್ಟಿಗೆ ಗೋಡೆ, ಒಳಗೆ ಮಣ್ಣಿನ ಗಾರೆ, ಮೇಲೆ ಸುಣ್ಣದ ಸಾರಣೆ, ಕೆಳಗೆ ಕಲ್ಲಿನ ಪಾಯ. 1791ರ ಟಿಪ್ಪು ಬೇಸಿಗೆ ಅರಮನೆಯನ್ನು ನೋಡಿಕೊಳ್ಳಲು ಪುರಾತತ್ವ ಇಲಾಖೆ ಇದೆ. ಖಾಸಗಿ ಮನೆಗೆ ಇರುವುದು ಹತ್ತಿರದ ಮೇಸ್ತ್ರಿ ಮಾತ್ರ, ಅವರಿಗೆ ಗೊತ್ತಿರುವುದು ಸಿಮೆಂಟ್. ನಾನು ಕಂಡ ಹಾಳಾದ ಗೋಡೆಗಳಲ್ಲಿ ಹೆಚ್ಚಿನವು ಹಳತಾಗಿ ಕೆಟ್ಟಿದ್ದಲ್ಲ, ರಿಪೇರಿಯಿಂದ ಕೆಟ್ಟದ್ದು.

ಈ ಗೋಡೆಗಳಿಗೆ ತೇವ ತಡೆಯುವ ಪದರವಿಲ್ಲ. ನೆಲದ ನೀರು ಮೇಲೇರುತ್ತದೆ, ಸುಣ್ಣದ ಸಾರಣೆಯ ಮೂಲಕ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಆರುವ ದಾರಿ ಮುಚ್ಚುತ್ತದೆ. ನೀರು ಸಿಮೆಂಟಿನ ಹಿಂದೆಯೇ ಇನ್ನೂ ಮೇಲೇರಿ, ಮೊದಲು 1 ಅಡಿಗೆ ನಿಲ್ಲುತ್ತಿದ್ದ ತೇವ 4 ಅಡಿಗೆ ಹೋಗುತ್ತದೆ. ಜೊತೆಗೆ ಬಂದ ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಅದನ್ನು ಪುಡಿ ಮಾಡುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ಗಟ್ಟಿ, ತಟ್ಟಿದರೆ ಟೊಳ್ಳು ಸದ್ದು. ಟೊಳ್ಳು ಕೇಳಿದ ಕಡೆ ಅಂಚಿನಿಂದ ಶುರುಮಾಡಿ ಸಣ್ಣ ಉಳಿಯಲ್ಲಿ ಸಿಮೆಂಟ್ ಬಿಡಿಸಬೇಕು, ಬ್ರೇಕರ್ ಮೆಷಿನ್ ಬೇಡವೇ ಬೇಡ. ಇಟ್ಟಿಗೆಯ ಮುಖವೇ ಕಿತ್ತು ಬರುವಷ್ಟು ಕಚ್ಚಿಕೊಂಡಿದ್ದರೆ ಆ ಭಾಗ ಹಾಗೇ ಇರಲಿ. ತೆಗೆಯುವ ಹಾನಿ ಇಟ್ಟುಕೊಳ್ಳುವ ಹಾನಿಗಿಂತ ದೊಡ್ಡದು.

ಹೊಸ ಗಾರೆಯ ಮಾತು ಎತ್ತುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಪದರದ ಮೇಲೆ ಪದರ ಡಾಂಬರು, ಅದರ ಮೇಲೆ ವೈಟ್ ಟಾಪಿಂಗ್ ಎಂಬ ಕಾಂಕ್ರೀಟ್ ಹಾಸು ಬಿದ್ದು ರಸ್ತೆ ಮೇಲೆ ಬಂದಿರುತ್ತದೆ, ಮನೆಯ ಕಲ್ಲಿನ ಪಾಯ ಅರ್ಧ ಹೂತಿರುತ್ತದೆ. ಸಾಲದ್ದಕ್ಕೆ ಕಾಂಪೌಂಡ್ ಒಳಗೆ ಪೂರ್ತಿ ಟೈಲ್ಸ್. ಗೋಡೆಯ ಪಕ್ಕ 2 ಅಡಿ ಅಗಲ ಟೈಲ್ಸ್ ತೆಗೆಸಿ, ಒಂದೂವರೆ ಅಡಿ ಆಳ ಅಗೆದು, ತಳದಲ್ಲಿ ಗೋಡೆಯಿಂದ ಹೊರಕ್ಕೆ ಇಳಿಜಾರು ಕೊಟ್ಟು, 40 ಎಂಎಂ ಜಲ್ಲಿ ತುಂಬಿಸಿ. ಪಾಯ ಅಷ್ಟು ಆಳವಿಲ್ಲದಿದ್ದರೆ ಅದರ ತಳಕ್ಕಿಂತ ಸಾಕಷ್ಟು ಮೇಲೇ ನಿಲ್ಲಿಸಬೇಕು. ಆಮೇಲೆ ಗೋಡೆ ಆರಲು ಬಿಡಿ. ದಪ್ಪದ ಇಂಚಿಗೆ ಒಂದು ತಿಂಗಳು ಎಂಬುದು ಹಳೇ ಲೆಕ್ಕ. ಯಾರೂ ಅಷ್ಟು ಕಾಯುವುದಿಲ್ಲ, ಆದರೆ ಒಂದು ಬೇಸಿಗೆಯಾದರೂ ಬೇಕು. ಹೊರಬಂದ ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ಗುಡಿಸಿ ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ವಾಪಸ್ಸು ಒಳಗೆ ಹೋಗುತ್ತದೆ.

ಸುಣ್ಣದ ವಿಷಯಕ್ಕೆ ಬರೋಣ. ಬೇಕಾದ್ದು ಗಟ್ಟಿ ಉಂಡೆಗಳಾಗಿರುವ ಸುಟ್ಟ ಸುಣ್ಣ. ಮೂಟೆಯಲ್ಲೇ ಪುಡಿಯಾಗಿದ್ದರೆ ಗಾಳಿಯ ತೇವಕ್ಕೆ ಅರಳಿ ಸತ್ತ ಸುಣ್ಣ, ವಾಪಸ್ಸು ಕಳಿಸಿ. ಡ್ರಮ್ಮಿಗೆ ಮೊದಲು ನೀರು, ನಂತರ ಸುಣ್ಣ. ಇದು ತಿರುಗುಮುರುಗಾದರೆ ಕುದಿಯುವ ಸುಣ್ಣ ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಗ್ಲೌಸ್ ಇಲ್ಲದೆ ಹತ್ತಿರ ಹೋಗಬಾರದು. ಪ್ಲಾಸ್ಟಿಕ್ ಡ್ರಮ್ ಬಿಸಿಗೆ ಮೆತ್ತಗಾಗುತ್ತದೆ, ಕಬ್ಬಿಣದ್ದೇ ಇರಲಿ. ಒಂದು ಕೆ.ಜಿ. ಸುಣ್ಣಕ್ಕೆ 2ರಿಂದ 3 ಲೀಟರ್ ನೀರು. ಕುದಿ ನಿಂತ ಮೇಲೆ ಸಣ್ಣ ಜರಡಿಯಲ್ಲಿ ಸೋಸಬೇಕು. ಅರಳದ ಹರಳು ಉಳಿದರೆ ಸಾರಣೆಯಾದ ಎಷ್ಟೋ ತಿಂಗಳ ಮೇಲೆ ಅಲ್ಲಿ ಅರಳಿ, ಗೋಡೆಯಿಂದ ಬಟಾಣಿಯಷ್ಟು ಚಕ್ಕೆ ಎಬ್ಬಿಸುತ್ತದೆ. ಸೋಸಿದ ಸುಣ್ಣದ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಕನಿಷ್ಠ ಎರಡು ವಾರ ಬಿಡಿ, ತಿಂಗಳಾದರೆ ಇನ್ನೂ ಒಳ್ಳೆಯದು. ಕೊನೆಗೆ ಗಟ್ಟಿ ಮೊಸರಿನಂತಿರಬೇಕು.

ಸಾರಣೆಗೆ ನಾನು ಬಳಸುವ ಅಳತೆ: ಈ ಸುಣ್ಣ 1 ಪಾಲು, ಮರಳು 2 ಪಾಲು, ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಅರ್ಧ ಪಾಲು. ಮುಕ್ಕಾಲು ಇಂಚು ದಪ್ಪಕ್ಕೆ 100 ಚದರ ಅಡಿಗೆ ಲೆಕ್ಕದಲ್ಲಿ ಸುಮಾರು 6 ಘನ ಅಡಿ ಗಾರೆ, ಆದರೆ ಹಳೇ ಗೋಡೆ ಡೊಂಕಾಗಿರುವುದರಿಂದ 8 ಎಂದೇ ಹಿಡಿಯಿರಿ. ಅದಕ್ಕೆ 40 ಕೆ.ಜಿ. ಸುಟ್ಟ ಸುಣ್ಣ ಬೇಕು. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಆಗುತ್ತದೆ, ಆದರೆ ತೊಳೆದು. ಅದರ ಕಲ್ಲಿನ ದೂಳು ಉಳಿದರೆ ಗಾರೆ ಬಿರುಕು ಬಿಡುತ್ತದೆ. ಸುರ್ಕಿಯಲ್ಲೇ ಮೋಸ ಹೆಚ್ಚು. ಹದವಾಗಿ ಬೆಂದ ಮೆತ್ತನೆ ಇಟ್ಟಿಗೆಯ ಪುಡಿ ಮಾತ್ರ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತದೆ. ಚೆನ್ನಾಗಿ ಬೆಂದ ಯಂತ್ರದ ಇಟ್ಟಿಗೆಯ ಪುಡಿ ಬರೀ ಕೆಂಪು ಮರಳು. ಸುರ್ಕಿ, ಸುಣ್ಣ ಕಲಸಿ ಉಂಡೆ ಕಟ್ಟಿ, ಒದ್ದೆ ಗೋಣಿಯಲ್ಲಿ ವಾರವಿಟ್ಟು ನೀರಿಗೆ ಹಾಕಿ. ಒಡೆಯದಿದ್ದರೆ ಮಾಲು ಸರಿ. ಬೇಗ ಬಿಗಿಯಲಿ ಎಂದು ಮೇಸ್ತ್ರಿ ಒಂದು ಬಾಣಲಿ ಸಿಮೆಂಟ್ ಸೇರಿಸಲು ನೋಡುತ್ತಾರೆ. ಅಲ್ಲೇ ನಿಂತು ತಡೆಯಬೇಕು, ಏಕೆಂದರೆ ಅಷ್ಟು ಸಿಮೆಂಟ್‌ಗೆ ತನ್ನ ಬಲವೂ ಬರುವುದಿಲ್ಲ, ಸುಣ್ಣದ ಗುಣವೂ ಉಳಿಯುವುದಿಲ್ಲ.

ಗೋಡೆಯನ್ನು ಹಿಂದಿನ ಸಂಜೆಯೇ ನೆನೆಸಿ, ಒಂದು ಪದರ 10 ಎಂಎಂಗೆ ಮೀರದಂತೆ ಹಾಕಿ. ಮರುದಿನ ಕೂದಲೆಳೆ ಬಿರುಕು ಕಂಡರೆ ಗಾಬರಿ ಬೇಡ, ಹೆಬ್ಬೆರಳು ಅಷ್ಟಕ್ಕಷ್ಟೇ ಇಳಿಯುವ ಹದದಲ್ಲಿ ಮರದ ಹಲಗೆಯಲ್ಲಿ ಒತ್ತಿ ತಿಕ್ಕಿದರೆ ಮುಚ್ಚಿಕೊಳ್ಳುತ್ತದೆ. ಕಬ್ಬಿಣದ ಕರಣೆಯಲ್ಲಿ ನುಣುಪು ಮಾಡಿದರೆ ಮೇಲ್ಮೈ ಮುಚ್ಚಿಹೋಗಿ ಒಳಗೆ ಗಾಳಿ ಹೋಗದೆ ಸುಣ್ಣ ಬಿಗಿಯುವುದಿಲ್ಲ. ಎರಡನೇ ಪದರಕ್ಕೆ ಒಂದು ವಾರ ಬಿಡಿ, ಅಷ್ಟೂ ದಿನ ಒದ್ದೆ ಗೋಣಿ ಇಳಿಬಿಡಿ. ಮಾರ್ಚ್, ಏಪ್ರಿಲ್‌ನ ಒಣ ಬಿಸಿಲಿನಲ್ಲಿ ಈ ಕೆಲಸ ಮಾಡಿದರೆ ಮೇಲೆ ಒಣಗಿ ಒಳಗೆ ಪುಡಿಯಾಗುತ್ತದೆ. ಕೊನೆಗೆ ಹಾಲಿನಷ್ಟು ತೆಳುವಾದ ಸುಣ್ಣ, ಐದಾರು ಕೈ. ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಇಷ್ಟೆಲ್ಲ ಮಾಡಿದ್ದು ದಂಡ.

ಮದ್ರಾಸ್ ತಾರಸಿ, ಅಂದರೆ ಮರದ ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣದಲ್ಲಿ ಕಟ್ಟಿದ ಛಾವಣಿ ಇದ್ದರೆ ಮೊದಲು ಮೇಲಿನ ಭಾರ ಇಳಿಸಬೇಕು. ಸೋರಿದಾಗಲೆಲ್ಲ ಮೇಲೆ ಸಿಮೆಂಟ್ ಹಾಸುವುದು ವಾಡಿಕೆ. 10ಕ್ಕೆ 12 ಅಡಿಯ ಕೋಣೆಯ ಮೇಲೆ 2 ಇಂಚು ಸಿಮೆಂಟ್ ಹಾಸಿದರೆ ಸುಮಾರು 1,200 ಕೆ.ಜಿ. ಹೆಚ್ಚುವರಿ ಭಾರ, ಅದೂ ಮರದ ಜಂತೆಗಳ ಮೇಲೆ. ಜಂತೆ ಕೆಡುವುದು ಗೋಡೆಯೊಳಗೆ ಕೂತ ತುದಿಯಲ್ಲಿ, ನಡುವೆ ಅಲ್ಲ. ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಕೆಳಗೆ ಸರ್ವೆ ಕಂಬ ಕೊಟ್ಟ ಮೇಲೆಯೇ ಮುಂದಿನ ಕೆಲಸ. ಕೆಟ್ಟ ತುದಿ ಕತ್ತರಿಸಿ, ಎರಡೂ ಪಕ್ಕ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಬಿಗಿದು ಹೊಸ ತೇಗ ಜೋಡಿಸಬಹುದು. ಹೊಸ ತುದಿಯ ಸುತ್ತ ಗಾರೆ ತುಂಬದೆ ಗಾಳಿಗೆ ಜಾಗ ಬಿಡಬೇಕು.

ಜಂತೆಯ ಮೇಲೆ ತೆಳು ತಾರಸಿ ಇಟ್ಟಿಗೆಗಳನ್ನು ಓರೆ ಸಾಲಿನಲ್ಲಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟುತ್ತಾರೆ. ಐಎಸ್ 2119 ಎಂಬ ಭಾರತೀಯ ಮಾನಕ ಪೂರ್ತಿ ಈ ತಾರಸಿಗೇ ಮೀಸಲು, ಇಂಜಿನಿಯರ್ ಒಪ್ಪದಿದ್ದರೆ ಅದನ್ನು ತೋರಿಸಿ. ಇಟ್ಟಿಗೆ ಬಿಗಿದ ಮೇಲೆ ಕಾಂಕ್ರೀಟ್: ನೀರಲ್ಲಿ ನೆನೆಸಿದ 20 ಎಂಎಂ ಇಟ್ಟಿಗೆ ಜಲ್ಲಿ ಎರಡೂವರೆ ಪಾಲು, ಮರಳಿಲ್ಲದ ಸುಣ್ಣ 1 ಪಾಲು. 4 ಇಂಚು ಹರಡಿ, ಮರದ ಕೊಡತಿಯಲ್ಲಿ ಬಡಿದು 3 ಇಂಚಿಗೆ ತರಬೇಕು. ಸಾಲಾಗಿ ಕೂತು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಕೊಡತಿ ಪುಟಿದು ವಾಪಸ್ಸು ಬರುವ ತನಕ ಬಡಿಯಬೇಕು, ವಾರ ಹಿಡಿದರೂ ಸರಿ. ಕೂಲಿ ಉಳಿಸಲು ಎರಡೇ ದಿನಕ್ಕೆ ನಿಲ್ಲಿಸಿದ ತಾರಸಿ ಮೊದಲ ಮಳೆಗೇ ಸೋರುತ್ತದೆ. ಇಳಿಜಾರು 5 ಅಡಿಗೆ 1 ಇಂಚಿನಷ್ಟು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು. ಆದ್ದರಿಂದ ತಾರಸಿಯನ್ನು ಡಿಸೆಂಬರ್‌ನಲ್ಲಿ ಬಿಚ್ಚಿ ಫೆಬ್ರವರಿ ಒಳಗೆ ಮುಗಿಸುವುದು ಕ್ಷೇಮ.

ಇನ್ನು ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟಿಗೆ ಸೆಲ್ಲಾರ್ ತೋಡುತ್ತಿದ್ದರೆ. ಹಳೇ ಪಾಯ 3, 4 ಅಡಿಗೆ ಮುಗಿಯುತ್ತದೆ, ಅವರು 10, 12 ಅಡಿ ಇಳಿಯುತ್ತಾರೆ. ನಮ್ಮ ಕೆಂಪು ಮಣ್ಣು ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಅದನ್ನು ನಂಬಿ ಆಧಾರ ಕೊಡದೆ ಬಿಡುತ್ತಾರೆ, ಒಂದು ಜೋರು ಮಳೆಗೆ ಕುಸಿಯುತ್ತದೆ. ಅಗೆತ ಶುರುವಾಗುವ ಮೊದಲೇ ಮನೆಯ ಪ್ರತಿ ಬಿರುಕಿನ ಫೋಟೋ ಸ್ಕೇಲ್ ಇಟ್ಟು ತೆಗೆಸಿ, ಅವರಿಗೂ ಒಂದು ಪ್ರತಿ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಬಿರುಕಿನ ಮೇಲೆ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಅಲುಗಿದೆ ಎಂದೇ ಅರ್ಥ. ಆ ದಿನವೇ ಅಗೆತ ನಿಲ್ಲಿಸಿ, ಮಣ್ಣಿಗೆ ಆಧಾರ ಕೊಡಿಸಬೇಕು.

ನೀವೇ ಹಿಂದೆ ಹೊಸ ಭಾಗ ಸೇರಿಸುವುದಾದರೆ ಹೊಸ ಬೀಮ್ ಹಳೇ ಗೋಡೆಯ ಮೇಲೆ ಕೂರಬಾರದು, ಮಹಡಿಯಂತೂ ಬೇಡ. ಹೊಸದು ತನ್ನದೇ ಪಿಲ್ಲರ್‌ಗಳ ಮೇಲೆ ನಿಲ್ಲಲಿ. ಹಳೇ ಗೋಡೆ ಪಕ್ಕದ ಗುಂಡಿಗಳನ್ನು ಒಂದು ಬಿಟ್ಟು ಒಂದರಂತೆ ತೋಡಿ, ಹಳೇ ಪಾಯದ ಮಟ್ಟಕ್ಕಿಂತ ಕೆಳಗೆ ಇಳಿಯದಂತೆ. ಎರಡರ ನಡುವೆ 25 ಎಂಎಂ ಸಂದು ಬಿಟ್ಟು, ಮೇಲೆ ತಗಡಿನ ಮುಚ್ಚಿಗೆ ಹಾಕಿ. ಅದನ್ನು ಹೊಸ ಭಾಗಕ್ಕೆ ಮಾತ್ರ ಮೊಳೆ ಹೊಡೆದು, ಹಳೇ ಗೋಡೆಯ ಕಡೆ ಸುಮ್ಮನೆ ಹೊದಿಸಿ ಬಿಡಬೇಕು.