ಜಿಂಕೆ ಮರಿ ಒಂಟಿಯಾಗಿ ಕಂಡರೆ ಮಾಡಬೇಕಾದದ್ದೇನು?

ಬಂಡೀಪುರ, ನಾಗರಹೊಳೆಯ ಅಂಚಿನ ಹೊಲಗಳಲ್ಲಿ, ಕೊಡಗಿನ ಕಾಫಿ ತೋಟಗಳಲ್ಲಿ ಆಗಾಗ ಯಾರಾದರೊಬ್ಬರ ಕಣ್ಣಿಗೆ ಒಂಟಿ ಜಿಂಕೆ ಮರಿಯೋ ಕಾಡುಕುರಿಯ ಮರಿಯೋ ಬೀಳುತ್ತದೆ. ಕನಿಕರದಿಂದ ಎತ್ತಿ ಮನೆಗೆ ತರುತ್ತಾರೆ, ಹಸುವಿನ ಹಾಲು ಕುಡಿಸುತ್ತಾರೆ, ಕೇರಿಯ ಮಕ್ಕಳೆಲ್ಲ ಸುತ್ತ ನೆರೆಯುತ್ತಾರೆ. ಹಾಗೆ ಬಂದ ಮರಿಗಳಲ್ಲಿ ಬಹಳಷ್ಟು ಉಳಿಯುವುದಿಲ್ಲ. ಅವುಗಳಲ್ಲಿ ಅನೇಕ ಮರಿಗಳು ತಬ್ಬಲಿಗಳೇ ಆಗಿರಲಿಲ್ಲ ಎಂಬುದು ಇನ್ನೂ ದೊಡ್ಡ ನೋವು. ಆದ್ದರಿಂದ ಮರಿ ಕಂಡಾಗ ಮಾಡಬೇಕಾದ್ದನ್ನು ಕ್ರಮವಾಗಿ ಹೇಳುತ್ತೇನೆ, ಕಾರಣದ ಸಮೇತ.

ಮೊದಲು: ನಿಂತಲ್ಲೇ ನಿಲ್ಲಿ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ

ಚುಕ್ಕಿ ಜಿಂಕೆ ಸಾಮಾನ್ಯವಾಗಿ ಒಂದು ಬಾರಿಗೆ ಒಂದೇ ಮರಿ ಹಾಕುತ್ತದೆ. ಹುಟ್ಟಿದ ಮರಿ ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಂತರೂ ಚಿರತೆ, ಸೀಳುನಾಯಿಗಳಿಂದ ತಪ್ಪಿಸಿಕೊಂಡು ಓಡುವ ಶಕ್ತಿ ಅದಕ್ಕಿರುವುದಿಲ್ಲ. ಹಾಗಾಗಿ ಮೊದಲ ದಿನಗಳಲ್ಲಿ ತಾಯಿ ಅದನ್ನು ಹುಲ್ಲು, ಪೊದೆಗಳ ಮರೆಯಲ್ಲಿ ಮಲಗಿಸಿ ದೂರದಲ್ಲಿ ಮೇಯುತ್ತದೆ. ಹಾಲೂಡಿಸಲಷ್ಟೇ ಬಂದು ಹೋಗುತ್ತದೆ. ಬಂದಾಗ ಮರಿಯ ಮೈಯನ್ನೆಲ್ಲ ನೆಕ್ಕುತ್ತದೆ, ಅದರ ಮಲಮೂತ್ರವನ್ನೂ ನೆಕ್ಕಿ ತೆಗೆಯುತ್ತದೆ. ಮಲಗಿದ ಜಾಗದಲ್ಲಿ ವಾಸನೆ ನಿಂತರೆ ಬೇಟೆಪ್ರಾಣಿಗೆ ಅದೇ ಸುಳಿವು. ಮರಿಯೋ ಕತ್ತನ್ನು ನೆಲಕ್ಕೆ ಚಾಚಿ, ಕಿವಿಗಳನ್ನು ಹಿಂದಕ್ಕೆ ಮಡಚಿ, ಕಣ್ಣು ತೆರೆದುಕೊಂಡೇ ಅಲ್ಲಾಡದೆ ಬಿದ್ದಿರುತ್ತದೆ. ಬಿಸಿಲು ಸೋಸಿ ಬರುವ ಜಾಗದಲ್ಲಿ ಅದರ ಬಿಳಿ ಚುಕ್ಕಿಗಳು ತರಗೆಲೆಯೊಂದಿಗೆ ಬೆರೆತು, ಎರಡು ಮಾರು ದೂರದಿಂದಲೂ ಕಾಣುವುದಿಲ್ಲ. ನೀವು ಬಳಿಗೆ ಹೋದರೂ ಅದು ಓಡುವುದಿಲ್ಲ. ಜನ ಇದನ್ನೇ ‘ಪಾಪ, ನಿತ್ರಾಣವಾಗಿದೆ’ ಎಂದು ತಿಳಿಯುತ್ತಾರೆ. ನಿಜವಾಗಿ ಅದು ಆರೋಗ್ಯವಂತ ಮರಿಯ ಲಕ್ಷಣ.

ಮುಟ್ಟಬೇಡಿ, ಫೋಟೊ ತೆಗೆಯಲು ಬಗ್ಗಬೇಡಿ, ಪೊದೆಯನ್ನು ಸರಿಸಬೇಡಿ. ಮರೆ ಹೋದರೆ ರಕ್ಷಣೆಯೂ ಹೋಯಿತು.

ನಂತರ: ದೂರದಿಂದ ಗಮನಿಸಿ

ಕನಿಷ್ಠ ನೂರು ಮೀಟರ್ ಆಚೆ ಹೋಗಿ. ನಾಲ್ಕಾರು ಜನ ಗುಂಪುಗೂಡಿ ನಿಂತರೆ ತಾಯಿ ಬರುವುದೇ ಇಲ್ಲ. ಬೆಳಿಗ್ಗೆ ಕಂಡ ಮರಿಯ ಬಳಿಗೆ ಅದು ಸಂಜೆಯವರೆಗೂ ಬಾರದಿರಬಹುದು. ಕತ್ತಲಾದ ಮೇಲೆ ಕಾಡಂಚಿನಲ್ಲಿ ಕಾಯುತ್ತ ಕೂರುವುದು ನಿಮಗೇ ಅಪಾಯ. ಮರುದಿನ ಬೆಳಕು ಹರಿದ ಮೇಲೆ ದೂರದಿಂದ ಮತ್ತೊಮ್ಮೆ ನೋಡಿದರೆ ಸಾಕು. ಮರಿ ಅಲ್ಲಿರದಿದ್ದರೆ ಗಾಬರಿ ಬೇಡ, ತಾಯಿ ಜಾಗ ಬದಲಿಸಿರಬಹುದು.

ಸಹಾಯ ಬೇಕಾದ ಮರಿಯ ಲಕ್ಷಣಗಳೇ ಬೇರೆ. ಗಂಟೆಗಟ್ಟಲೆ ಕೂಗುತ್ತ ಅಲೆಯುವುದು, ಕಣ್ಣು ಗುಳಿ ಬಿದ್ದಿರುವುದು, ಭೇದಿ, ಗಾಯ, ಮೈಮೇಲೆ ನೊಣ ಮುತ್ತಿರುವುದು. ಹೊಕ್ಕುಳನ್ನೂ ದೂರದಿಂದಲೇ ಗಮನಿಸಿ. ಅಲ್ಲಿ ಹುಳು ಬಿದ್ದರೆ ಮರಿ ಬೇಗ ಸೊರಗುತ್ತದೆ. ಹತ್ತಿರದಲ್ಲೇ ಹೆಣ್ಣು ಜಿಂಕೆ ಸತ್ತು ಬಿದ್ದಿದ್ದರಂತೂ ಕಾಯುವ ಮಾತೇ ಇಲ್ಲ.

ನಾಯಿಗಳನ್ನು ಕಟ್ಟಿಹಾಕಿ

ಇದನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳುತ್ತೇನೆ. ಹುಲಿ, ಚಿರತೆ, ಸೀಳುನಾಯಿ, ಹೆಬ್ಬಾವು, ನರಿಗಳು ಮರಿಗಳನ್ನು ತಿನ್ನುವುದು ಕಾಡಿನ ಲೆಕ್ಕ. ಜಿಂಕೆಗಳು ಆ ಲೆಕ್ಕದೊಳಗೇ ಬದುಕಿ ಬಂದಿವೆ. ಊರ ನಾಯಿಯ ಕಥೆ ಹಾಗಲ್ಲ. ಮನೆಯಲ್ಲಿ ಅನ್ನ ತಿಂದು, ಹಸಿವಿಲ್ಲದಿದ್ದರೂ ಕಾಡಿಗೆ ನುಗ್ಗಿ ಅಟ್ಟುತ್ತದೆ, ಕಚ್ಚಿ ಬಿಡುತ್ತದೆ. ಓಡಿಸಿಕೊಂಡ ಜಿಂಕೆಗೆ ಒಂದು ಗಾಯವೂ ಆಗದಿರಬಹುದು, ಆದರೂ ವಿಪರೀತ ಓಟ ಮತ್ತು ಭಯದಿಂದ ಸ್ನಾಯುಗಳು ಹಾಳಾಗಿ ಗಂಟೆಗಳ ನಂತರವೋ ಮರುದಿನವೋ ಸಾಯಬಹುದು. ಜನ ಸುತ್ತುವರಿದು ಹಿಡಿದ ಜಿಂಕೆಗಳು ಸಾಯುವುದೂ ಎಷ್ಟೋ ಬಾರಿ ಇದೇ ಕಾರಣಕ್ಕೆ.

ಈಗಾಗಲೇ ಎತ್ತಿ ತಂದಿದ್ದರೆ

ಮನುಷ್ಯರ ವಾಸನೆ ತಗುಲಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆಯಿಂದ ಹಲವರು ಮರಿಯನ್ನು ಹಿಂದಿರುಗಿಸಲು ಹಿಂಜರಿಯುತ್ತಾರೆ. ಮುಟ್ಟಿದ ಮಾತ್ರಕ್ಕೆ ತಾಯಿ ಮರಿಯನ್ನು ತೊರೆಯುವುದು ಅಪರೂಪ. ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ, ಅವರ ಸೂಚನೆಯಂತೆ ಅದೇ ಜಾಗದಲ್ಲಿ ಬಿಟ್ಟು ದೂರ ಹೋಗಬೇಕು. ಸರಿಯಾದ ಜಾಗ ನೆನಪಿರುವುದು ಎತ್ತಿ ತಂದವರಿಗೇ, ಹಾಗಾಗಿ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ.

ಹಾಲು ಮಾತ್ರ ಕುಡಿಸಬೇಡಿ. ಜಿಂಕೆಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಹಸುವಿನ ಹಾಲಿಗಿಂತ ಬಹಳ ಹೆಚ್ಚು. ಹಸುವಿನ ಹಾಲು ಒಗ್ಗದೆ ಭೇದಿ ಶುರುವಾದರೆ ಅಷ್ಟು ಸಣ್ಣ ಜೀವ ತಡೆಯುವುದಿಲ್ಲ. ಬಾಯಿಗೆ ಬಲವಂತವಾಗಿ ಸುರಿದ ಹಾಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಮೊದಲ ದಿನದ ಗಿಣ್ಣು ಹಾಲಿಗಂತೂ ಮನೆಯಲ್ಲಿ ಬದಲಿಯೇ ಇಲ್ಲ, ರೋಗ ತಡೆಯುವ ಶಕ್ತಿ ಮರಿಗೆ ಬರುವುದು ಅದರಿಂದಲೇ. ಎಳೆಯ ಮರಿ ಮಲವಿಸರ್ಜನೆ ಮಾಡಬೇಕಾದರೂ ತಾಯಿ ಅದರ ಹಿಂಭಾಗವನ್ನು ನೆಕ್ಕಬೇಕು. ಇಷ್ಟೆಲ್ಲ ತಿಳಿದ ಪಶುವೈದ್ಯರಿಗೇ ಜಿಂಕೆ ಮರಿ ಸಾಕುವುದು ಕಷ್ಟದ ಕೆಲಸ. ಜಿಂಕೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು.

ಕರೆ ಮಾಡುವಾಗ

ಅರಣ್ಯ ಸಹಾಯವಾಣಿ 1926. ಮರಿ ಕಂಡ ಸ್ಥಳ, ಸಮಯ, ಗಾಯವಿದೆಯೇ, ಸುತ್ತ ನಾಯಿಗಳಿವೆಯೇ, ಏನಾದರೂ ಕುಡಿಸಿದ್ದೀರಾ ಎಂಬುದನ್ನು ಹೇಳಿ. ಸಿಬ್ಬಂದಿ ಬರುವವರೆಗೆ ಗಾಯಗೊಂಡ ಮರಿಯನ್ನು ನೆರಳಿನಲ್ಲಿ, ಸದ್ದಿಲ್ಲದ ಕಡೆ, ಗಾಳಿಯಾಡುವ ಪೆಟ್ಟಿಗೆಯಲ್ಲಿಡಿ. ಮೇಲೆ ತೆಳು ಬಟ್ಟೆ ಹೊದಿಸಿದರೆ ಗಾಬರಿ ಕಡಿಮೆಯಾಗುತ್ತದೆ.

ಮರಿ ಕಾಣುವ ಮೊದಲೇ ಆಗಬೇಕಾದ ಕೆಲಸ

ಮರಿಯ ಆಯಸ್ಸು ಅದು ಹುಟ್ಟುವ ಮೊದಲೇ, ತಾಯಿಯ ಮೇವಿನಲ್ಲಿ ನಿರ್ಧಾರವಾಗತೊಡಗುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಹಸಿರು ಹುಲ್ಲು ಸಿಗದಿದ್ದರೆ ಮರಿ ತೂಕವಿಲ್ಲದೆ ಹುಟ್ಟುತ್ತದೆ, ಕೆಚ್ಚಲಿನಲ್ಲಿ ಹಾಲೂ ಕಡಿಮೆ. ಬಂಡೀಪುರದಲ್ಲಿ ಲಂಟಾನ ಎಂಬ ಕಳೆಗಿಡ ಹಬ್ಬಿದ ಜಾಗದಲ್ಲಿ ಹುಲ್ಲು ಮೇಲೇಳುವುದಿಲ್ಲ. 2019ರ ಫೆಬ್ರುವರಿಯಲ್ಲಿ ಅಲ್ಲಿ ಕಾಳ್ಗಿಚ್ಚು ಸಾವಿರಾರು ಎಕರೆ ಸುಟ್ಟಿತು. ಚುಕ್ಕಿ ಜಿಂಕೆ ವರ್ಷದ ಯಾವ ತಿಂಗಳಿನಲ್ಲಾದರೂ ಮರಿ ಹಾಕಬಹುದಾದ್ದರಿಂದ, ಬೆಂಕಿ ಬಿದ್ದಾಗ ಓಡಲಾರದ ಮರಿಗಳು ಹುಲ್ಲಿನಲ್ಲಿರುವ ಸಾಧ್ಯತೆ ಇದ್ದೇ ಇರುತ್ತದೆ. ಹೊಲದ ಕೂಳೆಗೆ ಬೆಂಕಿ ಇಡುವ ಕಾಡಂಚಿನ ರೈತರು ಇದನ್ನು ನೆನಪಿಡಬೇಕು. ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕಿಸುವುದೂ ಜಿಂಕೆಗೆ ಮಾಡುವ ಉಪಕಾರವೇ, ಆ ರೋಗ ಅವಕ್ಕೂ ಹರಡುತ್ತದೆ.

ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಹಗಲಿನಲ್ಲಿ ಹೋಗುವವರು ಜಿಂಕೆಯೊಂದು ರಸ್ತೆ ದಾಟಿದ ಕೂಡಲೇ ವೇಗ ಹೆಚ್ಚಿಸಬಾರದು, ಹಿಂದೆ ಮರಿ ಇರಬಹುದು.

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸುತ್ತಮುತ್ತ ಕೃಷ್ಣಮೃಗಗಳದ್ದೂ (ಅಲ್ಲಿಯವರ ಮಾತಿನಲ್ಲಿ ಚಿಗರಿ) ಇದೇ ಪಾಡು. ಜಿಂಕೆಯ ಕುಲವಲ್ಲದಿದ್ದರೂ ಚಿಗರಿಯೂ ತನ್ನ ಮರಿಯನ್ನು ಹುಲ್ಲಿನಲ್ಲೋ ಪೈರಿನಲ್ಲೋ ಬಚ್ಚಿಡುತ್ತದೆ. ಜರ್ಮನಿಯಲ್ಲಿ ಹುಲ್ಲು ಕೊಯ್ಯುವ ಯಂತ್ರ ಇಳಿಸುವ ಮೊದಲು, ನಸುಕಿನಲ್ಲಿ ಡ್ರೋನ್ ಹಾರಿಸಿ, ಮೈಯ ಶಾಖ ಗುರುತಿಸುವ ಕ್ಯಾಮೆರಾದಿಂದ ಜಿಂಕೆ ಮರಿಗಳನ್ನು ಹುಡುಕುತ್ತಾರೆ. ನಮ್ಮಲ್ಲಿ ಡ್ರೋನ್ ಇಲ್ಲದಿದ್ದರೂ ನಡೆಯುತ್ತದೆ: ಯಂತ್ರ ಬರುವ ಮೊದಲು ಇಬ್ಬರು ಸಾಲು ಸಾಲಾಗಿ ಹೊಲ ಸುತ್ತಿ ನೋಡಲಿ. ಮರಿ ಕಂಡರೆ ಅಷ್ಟು ಜಾಗಕ್ಕೆ ಕೋಲು ನೆಟ್ಟು ಗುರುತು ಮಾಡಿ, ಆ ತುಂಡನ್ನು ಮರುದಿನದ ಕೊಯ್ಲಿಗೆ ಬಿಡಲಿ.